ಎರಡು ಮೀಟರ್ ಆಳದ ‘ಸರಿ’: ಸ್ವರಾಜ್ ದ್ವೀಪದಲ್ಲಿ ಕಾಸರಗೋಡಿನ ದಂಪತಿಯ ಡೈವಿಂಗ್ ರಜೆ, ಒಂದು ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಬದಿಯಡ್ಕ–ಪೆರ್ಲ ಕಡೆಯ ದಂಪತಿ ಡಿಸೆಂಬರ್ ಕೊನೆಯ ವಾರದಲ್ಲಿ, ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವ ಸ್ಕೂಬಾ ಡೈವಿಂಗ್ ಕಲಿಯಲೆಂದು ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೋದರು. ಇಬ್ಬರೂ ಒಟ್ಟಿಗೆ ತರಬೇತಿ ಮುಗಿಸಿ ಬರುವುದೆಂದು ಹೊರಟವರಲ್ಲಿ ಗಂಡ ತರಬೇತಿ ಪೂರೈಸಿ ಬಂದರೆ, ಹೆಂಡತಿ ಮೊದಲ ಸಮುದ್ರ ಡೈವಿನಲ್ಲಿಯೇ ಕಿವಿನೋವಿನಿಂದ ಮೇಲಕ್ಕೆ ಬಂದು, ಉಳಿದ ದಿನಗಳಲ್ಲಿ ನೀರಿನಾಳಕ್ಕೆ ಇಳಿಯಲಿಲ್ಲ. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಯಾರನ್ನೂ ಆಸ್ಪತ್ರೆಗೆ ದಾಖಲಿಸಬೇಕಾಗಲಿಲ್ಲ. ಆದರೂ ಈ ಪ್ರಕರಣವನ್ನು ವಿವರವಾಗಿ ದಾಖಲಿಸುವುದಕ್ಕೆ ಕಾರಣವಿದೆ. ಡೈವಿಂಗ್‌ನಲ್ಲಿ ಅತಿ ಹೆಚ್ಚಾಗಿ ಆಗುವ ಗಾಯವೆಂದರೆ ಒತ್ತಡದಿಂದ ನಡುಗಿವಿಗೆ, ಅಂದರೆ ಕಿವಿಯ ತಮಟೆಯ ಹಿಂದಿನ ಗಾಳಿ ತುಂಬಿದ ಜಾಗಕ್ಕೆ, ಆಗುವ ಪೆಟ್ಟು. ಅದು ಸಣ್ಣದರಲ್ಲಿಯೇ ನಿಲ್ಲುವುದೋ ದೊಡ್ಡದಾಗುವುದೋ ಎಂಬುದು ಹಲವು ಬಾರಿ ನೀರಿನೊಳಗೆ ಇಬ್ಬರ ನಡುವೆ ಕೆಲವೇ ಕ್ಷಣಗಳಲ್ಲಿ ತೀರ್ಮಾನವಾಗುತ್ತದೆ. ಆ ಕ್ಷಣಗಳಲ್ಲಿ ನಡೆದದ್ದೇನು ಎಂಬುದನ್ನು ಈ ದಂಪತಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಅದನ್ನು ಇಲ್ಲಿ ಬರೆಯಲಾಗಿದೆ.

ಹಿನ್ನೆಲೆ

ಗಂಡ ಸಹಕಾರಿ ಬ್ಯಾಂಕೊಂದರ ನೌಕರ, ವಯಸ್ಸು ನಲವತ್ತರ ಹತ್ತಿರ. ಹೆಂಡತಿ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆ. ಮನೆಗೆ ಹೊಂದಿಕೊಂಡು ಅಡಿಕೆ ತೋಟವಿದೆ, ತೋಟದಲ್ಲಿ ಕೆರೆಯಿದೆ. ಇಬ್ಬರಿಗೂ ಬಾಲ್ಯದಿಂದಲೇ ಈಜು ಬರುತ್ತದೆ. ಸಮುದ್ರ ಮನೆಯಿಂದ ದೂರವಲ್ಲವಾದರೂ ಕುಂಬಳೆ, ಬೇಕಲದ ಕಡಲನ್ನು ದಡದಲ್ಲಿ ನಿಂತು ನೋಡಿದ್ದಲ್ಲದೆ, ಅದರೊಳಗೆ ಇಳಿದು ನೋಡುವ ಅಭ್ಯಾಸ ನಮ್ಮ ಕಡೆಯ ತೋಟದ ಮನೆಗಳಲ್ಲಿ ಇಲ್ಲ. ಅಂತಹ ಮನೆಯಿಂದ ಇಬ್ಬರು, ಅದರಲ್ಲೂ ಗಂಡಹೆಂಡತಿ ಸೇರಿ, ಈ ವಿದ್ಯೆಯನ್ನು ಕಲಿಯಲು ಹೊರಟದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ರಜೆಯ ದಿನಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗೆ ಹೆಚ್ಚು ಇರಲಿಲ್ಲ. ಕೇರಳದ ಶಾಲೆಗಳಿಗೆ ಓಣಂ ರಜೆ ಬರುವುದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ. ಆಗ ಅಂಡಮಾನಿನಲ್ಲಿ ನೈಋತ್ಯ ಮಳೆಗಾಲ, ಕಡಲು ಒರಟು, ನೀರಿನೊಳಗೆ ಕಾಣುವುದೂ ಕಡಿಮೆ. ಬೇಸಗೆ ರಜೆಯ ಹೊತ್ತಿಗೆ ಗಂಡನಿಗೆ ಬ್ಯಾಂಕಿನ ವರ್ಷಾಂತ್ಯದ ಲೆಕ್ಕ ಮತ್ತು ತಪಾಸಣೆ. ಉಳಿದದ್ದು ಕ್ರಿಸ್ಮಸ್ ರಜೆ. ದೇಶದ ಎಲ್ಲ ಕಡೆಯಿಂದ ಜನ ಅಂಡಮಾನಿಗೆ ನುಗ್ಗುವುದೂ ಅದೇ ವಾರದಲ್ಲಿ.

2018ರ ಡಿಸೆಂಬರ್ 30ರವರೆಗೆ ಈ ದ್ವೀಪದ ಹೆಸರು ಹ್ಯಾವ್‌ಲಾಕ್ ಎಂದಿತ್ತು. ಪ್ರವಾಸಿಗರ ಬಾಯಲ್ಲಿ ಇಂದಿಗೂ ಅದೇ ಹೆಸರು. ವಿಮಾನ ಇಳಿಯುವುದು ಪೋರ್ಟ್ ಬ್ಲೇರಿನಲ್ಲಿ, ಅಂದರೆ 2024ರಿಂದ ಶ್ರೀ ವಿಜಯಪುರಂ ಎಂದು ಕರೆಯಲಾಗುವ ಊರಿನಲ್ಲಿ. ಅಲ್ಲಿಂದ ಹಡಗಿನಲ್ಲಿ ಮುಂದಿನ ಪ್ರಯಾಣ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಡಲು ಶಾಂತವಾಗಿರುವುದರಿಂದ ಡೈವಿಂಗ್ ಕೇಂದ್ರಗಳ ಮುಖ್ಯ ದುಡಿಮೆ ಆ ತಿಂಗಳುಗಳಲ್ಲಿ. ಡಿಸೆಂಬರ್ ಕೊನೆಯಲ್ಲಂತೂ ಹಡಗಿನ ಟಿಕೇಟು, ಕೋಣೆ, ದೋಣಿಯ ಜಾಗ, ತರಬೇತುದಾರರ ಸಮಯ ಎಲ್ಲವೂ ಮುಂಚಿತವಾಗಿ ಹಂಚಿಹೋಗಿರುತ್ತವೆ. ಒಂದು ತಂಡ ನೀರಿನಿಂದ ಏಳುವಷ್ಟರಲ್ಲಿ ಮುಂದಿನ ತಂಡ ಸಿಲಿಂಡರ್ ಬೆನ್ನಿಗೇರಿಸಿ ಕಾದಿರುತ್ತದೆ. ಇಂತಹ ದಟ್ಟಣೆಯಲ್ಲಿ ಕಲಿಯುವವನಿಗೆ ತನ್ನ ದೇಹಕ್ಕೆ ಬೇಕಾದ ವೇಳೆಯನ್ನು ಕೇಳಿ ಪಡೆಯಲು ಸಂಕೋಚವಾಗುತ್ತದೆ, ಮತ್ತು ಈ ಪ್ರಕರಣದಲ್ಲಿ ಆ ಸಂಕೋಚಕ್ಕೆ ಪಾತ್ರವಿದೆ.

ಅವರು ಸೇರಿದ್ದು ಓಪನ್ ವಾಟರ್ ಎಂಬ ಮೊದಲ ಹಂತದ ಪೂರ್ಣ ತರಬೇತಿಗೆ. ಒಮ್ಮೆ ನೀರಿಗಿಳಿದು ಫೋಟೋ ತೆಗೆಸಿಕೊಂಡು ಬರುವ ಪರಿಚಯ ಡೈವಿಗೆ ಈಜು ಬರಬೇಕೆಂದಿಲ್ಲ, ಅದರ ಆಳವೂ ಹೆಚ್ಚೆಂದರೆ 12 ಮೀಟರ್. ಓಪನ್ ವಾಟರ್ ತರಬೇತಿಯಲ್ಲಾದರೆ ಪಾಠ, ಕಿರುಪರೀಕ್ಷೆ, ಆಳವಿಲ್ಲದ ಶಾಂತ ನೀರಿನಲ್ಲಿ ಅಭ್ಯಾಸ, 200 ಮೀಟರ್ ನಿಲ್ಲದೆ ಈಜುವುದು, 10 ನಿಮಿಷ ತೇಲುವುದು, ಕೊನೆಗೆ 4 ಸಮುದ್ರ ಡೈವ್‌ಗಳು ಇರುತ್ತವೆ. ಮುಗಿಸಿದವರು 18 ಮೀಟರ್ ಆಳದವರೆಗೆ ಜತೆಗಾರನೊಂದಿಗೆ ಇಳಿಯಬಹುದು. ಹೆಂಡತಿ ಈ 200 ಮೀಟರಿಗಾಗಿ ನವೆಂಬರ್ ತಿಂಗಳ ಸಂಜೆಗಳಲ್ಲಿ ತೋಟದ ಕೆರೆಯಲ್ಲಿ ದಡದಿಂದ ದಡಕ್ಕೆ ಈಜಿ ಅಭ್ಯಾಸ ಮಾಡಿದ್ದರು. ಕೆರೆಯ ಅಭ್ಯಾಸ ಅವರ ತೋಳಿಗೂ ಉಸಿರಿಗೂ ಬಲ ಕೊಟ್ಟಿತು. ಕಿವಿಯ ವಿಚಾರವನ್ನು ಮಾತ್ರ ಅದು ತೋರಿಸಿಕೊಡುವಂತಿರಲಿಲ್ಲ.

ನಮೂನೆಯ ಒಂದು ಪ್ರಶ್ನೆ

ತರಬೇತಿಗೆ ಮೊದಲು ಎಲ್ಲರೂ ಒಂದು ಆರೋಗ್ಯ ನಮೂನೆಯನ್ನು ತುಂಬಬೇಕು. ಹೃದಯ, ಉಬ್ಬಸ, ಅಪಸ್ಮಾರ, ಮಧುಮೇಹ ಮೊದಲಾದವುಗಳ ಜತೆಗೆ ಕಣ್ಣು, ಕಿವಿ, ಮೂಗಿನ ಹಾದಿ ಮತ್ತು ಸೈನಸ್ ತೊಂದರೆಗಳ ಬಗ್ಗೆಯೂ ಅದರಲ್ಲಿ ಪ್ರಶ್ನೆ ಇದೆ. ಗಂಭೀರವಾದ ‘ಹೌದು’ ಇದ್ದರೆ ವೈದ್ಯರ ಒಪ್ಪಿಗೆ ಇಲ್ಲದೆ ನೀರಿಗೆ ಇಳಿಸುವುದಿಲ್ಲ. ಹೆಂಡತಿ ಎಲ್ಲದಕ್ಕೂ ‘ಇಲ್ಲ’ ಎಂದು ಬರೆದರು.

ಅವರು ಸುಳ್ಳು ಬರೆದರೆಂದು ನಾನು ಹೇಳಲಾರೆ. ನಮ್ಮ ಕಡೆ ಚಳಿ ಹಿಡಿಯುವ ಹೊತ್ತು ಮತ್ತು ಅಂಗಳದಲ್ಲಿ ಅಡಿಕೆ ಒಣಗುವ, ಸುಲಿಯುವ ಹೊತ್ತು ಒಂದೇ. ಬೆಳಗ್ಗಿನ ಮಂಜಿಗೂ ಅಡಿಕೆ ಸಿಪ್ಪೆಯ ಧೂಳಿಗೂ ಸೀನುತ್ತ, ಮೂಗು ಕಟ್ಟಿಕೊಂಡು, ಕಾಳುಮೆಣಸಿನ ಕಷಾಯ ಕುಡಿದು ದಿನ ಕಳೆಯುವವರು ಅದನ್ನು ಕಾಯಿಲೆಯೆಂದು ಎಣಿಸುವುದೇ ಇಲ್ಲ. ಪ್ರತಿ ವರ್ಷವೂ ಬಂದು ಹೋಗುವ ಶೀತವನ್ನು ಯಾರೂ ವೈದ್ಯರ ಬಳಿ ಕೊಂಡೊಯ್ಯುವುದಿಲ್ಲ. ಹೊರಡುವ ವಾರದಲ್ಲಿಯೂ ಅವರಿಗೆ ಮೂಗು ಕಟ್ಟಿತ್ತು. ಮಂಗಳೂರಿನಿಂದ ವಿಮಾನ ಹತ್ತುವಾಗ ಕಡಿಮೆಯಾದಂತೆ ತೋರಿತು. ಆದ್ದರಿಂದ ಅದು ಮಾತಿಗೇ ಬರಲಿಲ್ಲ. ಈ ನಮೂನೆಯನ್ನು ದ್ವೀಪದ ಮೇಜಿನ ಮೇಲೆ ಅವಸರದಲ್ಲಿ ತುಂಬದೆ, ಹಿಂದಿನ ತಿಂಗಳೇ ಮನೆಯಲ್ಲಿ ತುಂಬಿ, ಕಿವಿ-ಮೂಗು-ಗಂಟಲು ವೈದ್ಯರಿಗೆ ಒಮ್ಮೆ ತೋರಿಸಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತು. ನಮೂನೆ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ.

ಹೊರಡುವ ಮುನ್ನ ದಂಪತಿ ಮಾಡಿಕೊಂಡ ಒಂದು ಒಪ್ಪಂದ ಮಾತ್ರ ಬಹಳ ಉಪಕಾರಕ್ಕೆ ಬಂತು. ಪಾಠದ ಪುಸ್ತಕದಲ್ಲಿ, ಯಾವ ಡೈವರ್ ಬೇಕಾದರೂ ಯಾವ ಡೈವನ್ನಾದರೂ ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದು, ಅದಕ್ಕೆ ಕಾರಣ ಕೊಡಬೇಕಾಗಿಲ್ಲ ಎಂಬ ಮಾತನ್ನು ಓದಿದ ಗಂಡ, ತಮ್ಮ ಹವ್ಯಕ ಮಾತಿನಲ್ಲಿ ಹೆಂಡತಿಗೆ ಹೇಳಿದ್ದರು: “ಎಡಿಯದ್ದರೆ ಎಡಿಯ ಹೇಳು, ಆನು ಕಾರಣ ಕೇಳ್ತಿಲ್ಲೆ.” (ಆಗದಿದ್ದರೆ ಆಗದು ಎಂದು ಹೇಳು, ನಾನು ಕಾರಣ ಕೇಳುವುದಿಲ್ಲ.)

ನೀರಿನಲ್ಲಿ ನಡೆದದ್ದು

ಮೊದಲ ದಿನ ಆಳವಿಲ್ಲದ ನೀರಿನಲ್ಲಿ ಅಭ್ಯಾಸ ನಡೆಯಿತು. ಮಾಸ್ಕಿನೊಳಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು, ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಜಾರಿದರೆ ಅದನ್ನು ಹುಡುಕಿ ಮತ್ತೆ ಕಚ್ಚಿಕೊಳ್ಳುವುದು, ಜತೆಗಾರನ ಗಾಳಿಯನ್ನು ಹಂಚಿಕೊಳ್ಳುವುದು ಎಲ್ಲದರಲ್ಲಿಯೂ ಹೆಂಡತಿಯೇ ಗಂಡನಿಗಿಂತ ಚುರುಕಾಗಿದ್ದರೆಂದು ಇಬ್ಬರೂ ಹೇಳುತ್ತಾರೆ. ಕಿವಿಯಲ್ಲಿ ತುಸು ಬಿಗಿತವಿತ್ತು, ನೋವಿರಲಿಲ್ಲ.

ಮರುದಿನ ಬೆಳಗ್ಗೆ ಮೊದಲ ಸಮುದ್ರ ಡೈವ್. ಹೊಸಬರು ಇಳಿಯುವ ಬಂಡೆಸಾಲಿನ ಬಳಿ ಹಲವು ಗುಂಪುಗಳಿದ್ದವು. ಹೊಸಬರು ಕಾಲಿಗೆ ಕಟ್ಟಿಕೊಂಡ ಫಿನ್ ಎಂಬ ಈಜುರೆಕ್ಕೆಗಳು ಎಬ್ಬಿಸಿದ ಮರಳಿನಿಂದ ನೀರು ಕದಡಿತ್ತು. ತರಬೇತುದಾರರು ಮುಂದೆ, ಗಂಡಹೆಂಡತಿ ಅಕ್ಕಪಕ್ಕ, ಅವರ ಹಿಂದೆ ಇನ್ನೊಬ್ಬ ವಿದ್ಯಾರ್ಥಿ. ಎರಡು ಮೀಟರ್ ಇಳಿಯುವಷ್ಟರಲ್ಲಿ ಹೆಂಡತಿಯ ಎಡಗಿವಿಯಲ್ಲಿ ಚುಚ್ಚಿದಂತೆ ನೋವು ಆರಂಭವಾಯಿತು. ಕಿವಿಯ ಒತ್ತಡ ಸಮವಾಗಲೆಂದು ಮೂಗು ಹಿಡಿದು ಮೆಲ್ಲನೆ ಊದಿದರು; ಬಲಗಿವಿ ಬಿಟ್ಟಿತು, ಎಡಗಿವಿ ಬಿಡಲಿಲ್ಲ. ಅದೇ ಹೊತ್ತಿಗೆ ತರಬೇತುದಾರರು ತಿರುಗಿ, ಹೆಬ್ಬೆರಳು ತೋರುಬೆರಳು ಕೂಡಿಸಿ ‘ಸರಿಯೇ?’ ಎಂದು ಕೇಳಿದರು. ಹೆಂಡತಿ ಅದೇ ಸನ್ನೆಯನ್ನು ಹಿಂತಿರುಗಿಸಿದರು: ‘ಸರಿ’.

ಇಡೀ ಪ್ರಕರಣದ ತಿರುಳು ಈ ‘ಸರಿ’ಯಲ್ಲಿದೆ. ಏಕೆ ಹಾಗೆ ಹೇಳಿದಿರಿ ಎಂದು ಕೇಳಿದಾಗ ಅವರು ಕೊಟ್ಟ ಉತ್ತರದ ಸಾರಾಂಶ ಇಷ್ಟು: ಗಂಡ ಸಂತೋಷದಿಂದ ಮೀನುಗಳ ಕಡೆ ಕೈ ತೋರುತ್ತಿದ್ದರು, ಹಿಂದಿನ ವಿದ್ಯಾರ್ಥಿ ಕಾದಿದ್ದ, ದುಡ್ಡು ಪೂರ್ತಿ ಕೊಟ್ಟಾಗಿತ್ತು, ತನ್ನೊಬ್ಬಳಿಂದ ಎಲ್ಲರಿಗೂ ತೊಂದರೆ ಆಗುವುದು ಬೇಡವೆನಿಸಿತು, ಇನ್ನು ಸ್ವಲ್ಪ ಇಳಿದರೆ ತಾನಾಗಿ ಸರಿಹೋಗಬಹುದೆಂದು ಭಾವಿಸಿದರು. ನಮ್ಮ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಈ ಉತ್ತರ ಅರ್ಥವಾಗದೆ ಇರದು. ಮದುವೆ ಮನೆಯಲ್ಲಿ ತಲೆನೋವಿದ್ದರೂ ಬಡಿಸುವುದು, ಪ್ರಯಾಣದಲ್ಲಿ ವಾಕರಿಕೆ ಬಂದರೂ ಸುಮ್ಮನೆ ಕೂರುವುದು, ಬೇರೆಯವರ ಸಂತೋಷಕ್ಕೆ ಅಡ್ಡಿಯಾಗದಿರುವುದು ಒಳ್ಳೆಯ ಗುಣವೆಂದು ಚಿಕ್ಕಂದಿನಿಂದ ಕಲಿಸಲಾಗಿದೆ. ನೆಲದ ಮೇಲೆ ಆ ತಾಳ್ಮೆಗೆ ಬೆಲೆ ಇರಬಹುದು. ನೀರಿನೊಳಗೆ ಅದರ ಬೆಲೆಯನ್ನು ತೆರುವುದು ಕಿವಿಯ ತಮಟೆ.

ಮೂರು ಮೀಟರ್ ಸಮೀಪಿಸಿದಾಗ ನೋವು ತಡೆಯಲಾರದಷ್ಟಾಯಿತು. ಅವರು ಮತ್ತೆ ಮತ್ತೆ ಮೂಗು ಹಿಡಿಯುತ್ತಿರುವುದನ್ನು ತರಬೇತುದಾರರು ಗಮನಿಸಿ ಹತ್ತಿರ ಬಂದರು. ಈ ಬಾರಿ ಹೆಂಡತಿ ಅಂಗೈಯನ್ನು ಅಡ್ಡವಾಗಿ ಅಲುಗಾಡಿಸಿ, ಕಿವಿಯನ್ನು ತೋರಿಸಿ, ಹೆಬ್ಬೆರಳನ್ನು ಮೇಲಕ್ಕೆ ಎತ್ತಿದರು. ಡೈವಿಂಗ್‌ನಲ್ಲಿ ಮೇಲೆತ್ತಿದ ಹೆಬ್ಬೆರಳಿಗೆ ‘ಮೇಲಕ್ಕೆ ಹೋಗೋಣ’ ಎಂಬ ಒಂದೇ ಅರ್ಥ. ತರಬೇತುದಾರರು ಮೊದಲು ಒಂದು ಮೀಟರ್ ಏರಿಸಿ ಮತ್ತೆ ಪ್ರಯತ್ನಿಸುವಂತೆ ಹೇಳಿದರು, ಕಿವಿ ಬಿಡಲಿಲ್ಲ, ಎಲ್ಲರೂ ಒಟ್ಟಿಗೆ ನಿಧಾನವಾಗಿ ಮೇಲಕ್ಕೆ ಬಂದರು. ನೀರಿನ ಮೇಲೆ ತಲೆ ಎತ್ತಿದ ಕೂಡಲೇ ಅವರು ಗಂಡನಿಗೆ ಹೇಳಿದ ಮೊದಲ ಮಾತು: “ಎನಗೆ ಎಡಿಯ. ನಿಂಗೊ ಹೋಗಿಕ್ಕಿ ಬನ್ನಿ.” (ನನಗೆ ಆಗದು. ನೀವು ಹೋಗಿ ಬನ್ನಿ.) ಗಂಡ ಕಾರಣ ಕೇಳಲಿಲ್ಲ.

ಮೂರೇ ಮೀಟರಿಗೆ ಇಷ್ಟೇಕೆ?

ದೋಣಿಯಲ್ಲಿದ್ದ ಇತರರಿಗೆ ಮೂರು ಮೀಟರ್ ಎಂಬುದು ನಗಣ್ಯವಾಗಿ ಕಂಡಿತಂತೆ. ನಮ್ಮ ತೋಟದ ಕೆರೆಗಳೇ ಅದಕ್ಕಿಂತ ಆಳವಿರುತ್ತವೆ. ಆದರೆ ಕೆರೆಯಲ್ಲಿ ನಾವು ಈಜುವುದು ಮೇಲ್ಮೈಯಲ್ಲಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡವನ್ನು 1 ಎಂದು ಎಣಿಸಿದರೆ, ನೀರಿನಲ್ಲಿ 10 ಮೀಟರ್ ಇಳಿದಾಗ ಅದು 2 ಆಗುತ್ತದೆ, 20 ಮೀಟರಿನಲ್ಲಿ 3, 30 ಮೀಟರಿನಲ್ಲಿ 4. ಬಾಯ್ಲ್‌ನ ನಿಯಮದಂತೆ ಒತ್ತಡ ಇಮ್ಮಡಿಯಾದರೆ ಮುಚ್ಚಿದ ಜಾಗದ ಗಾಳಿಯ ಗಾತ್ರ ಅರ್ಧವಾಗುತ್ತದೆ. ಅಂದರೆ ಗಾತ್ರದ ಅತಿ ದೊಡ್ಡ ಬದಲಾವಣೆ ಆಗುವುದು ಮೊದಲ 10 ಮೀಟರಿನಲ್ಲಿಯೇ; ಮೂರು ಮೀಟರಿಗೇ ನಡುಗಿವಿಯ ಗಾಳಿ ಕಾಲು ಭಾಗದಷ್ಟು ಕುಗ್ಗಲು ನೋಡುತ್ತದೆ. ಆ ಕೊರತೆಯನ್ನು ತುಂಬಲು ಗಂಟಲಿನಿಂದ ನಡುಗಿವಿಗೆ ಹೋಗುವ ಯೂಸ್ಟೇಷಿಯನ್ ನಾಳದ ಮೂಲಕ ಗಾಳಿ ಸೇರಬೇಕು. ಸೇರದಿದ್ದರೆ ತಮಟೆ ಒಳಕ್ಕೆ ಎಳೆಯಲ್ಪಡುತ್ತದೆ, ಒಳಪೊರೆ ಊದಿಕೊಂಡು ನೀರೋ ರಕ್ತವೋ ಒಸರುತ್ತದೆ, ಇನ್ನೂ ಇಳಿದರೆ ತಮಟೆ ಹರಿಯಲೂಬಹುದು. ಹರಿದ ತಮಟೆಯಿಂದ ತಣ್ಣನೆಯ ನೀರು ಒಳಹೊಕ್ಕರೆ ತಲೆತಿರುಗಿ ಮೇಲಾವುದು ಕೆಳಗಾವುದು ತಿಳಿಯದಂತಾಗುತ್ತದೆ. ನಿಜವಾದ ಅಪಾಯ ಅಲ್ಲಿದೆ.

ಸುಳ್ಯದಿಂದ ಮಡಿಕೇರಿಗೆ ಸಂಪಾಜೆ ಘಾಟಿಯಲ್ಲಿ ಬಸ್ಸು ಹತ್ತುವಾಗ ಕಿವಿ ಕಟ್ಟಿ, ಉಗುಳು ನುಂಗಿದರೆ ಬಿಡುವ ಅನುಭವ ನಮ್ಮವರಿಗೆಲ್ಲ ಇದೆ. ಆ ಸಾವಿರ ಮೀಟರ್ ಏರಿಕೆಯಲ್ಲಿ ಆಗುವ ಒತ್ತಡದ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಒಂದು ಮೀಟರ್ ನೀರಿಗೆ ಸಮ. ಬಸ್ಸಿಗೆ ಅದಕ್ಕೆ ಒಂದು ಗಂಟೆಯ ಆಸುಪಾಸು ಬೇಕು. ಡೈವರ್ ಅದರ ಮೂರು ಪಟ್ಟನ್ನು ಅರ್ಧ ನಿಮಿಷದೊಳಗೆ ಇಳಿದುಬಿಡಬಲ್ಲ. ಆದ್ದರಿಂದ ನೋವು ಬರುವ ಮೊದಲೇ, ಅರ್ಧ ಮೀಟರಿಗೋ ಒಂದು ಮೀಟರಿಗೋ ಒಮ್ಮೆ, ಮೂಗು ಹಿಡಿದು ಮೆಲ್ಲನೆ ಊದುತ್ತ ಅಥವಾ ನುಂಗುತ್ತ ಇಳಿಯಬೇಕು. ತಲೆ ಮೇಲಾಗಿ, ಕಾಲು ಕೆಳಗಾಗಿ, ಸಾಧ್ಯವಿದ್ದರೆ ಹಗ್ಗ ಹಿಡಿದು ಇಳಿಯುವುದು ಸುಲಭ. ಶೀತದಿಂದ ನಾಳದ ಬಾಯಿ ಊದಿಕೊಂಡಿದ್ದರೆ ಈ ಯಾವ ಉಪಾಯವೂ ನಡೆಯದು. ಬಲವಾಗಿ ಊದಿದರೆ ಒಳಕಿವಿಗೇ ಪೆಟ್ಟು ಬೀಳಬಹುದು.

ದಡಕ್ಕೆ ಬಂದ ಮೇಲೆ ಸಹಪ್ರವಾಸಿಯೊಬ್ಬರು ಮೂಗು ಬಿಡಿಸುವ ಮಾತ್ರೆ ನುಂಗಿ ಮಧ್ಯಾಹ್ನದ ದೋಣಿಯಲ್ಲಿ ಮತ್ತೆ ಪ್ರಯತ್ನಿಸುವಂತೆ ಸಲಹೆ ಕೊಟ್ಟರು. ದಟ್ಟಣೆಯ ದ್ವೀಪಗಳಲ್ಲಿ ಈ ಸಲಹೆ ಧಾರಾಳವಾಗಿ ಸಿಗುತ್ತದೆ. ಅದರ ದೋಷವೆಂದರೆ, ಔಷಧದ ಬಲ ನೀರಿನ ಆಳದಲ್ಲಿರುವಾಗ ಇಳಿದುಹೋದರೆ, ಒಳಗೆ ಸೇರಿದ ಗಾಳಿ ಮೇಲೇರುವಾಗ ಹಿಗ್ಗಿ ಹೊರಬರಲು ದಾರಿಯಿಲ್ಲದೆ ಕಿವಿಯನ್ನು ಒಳಗಿನಿಂದ ಒತ್ತುತ್ತದೆ. ಇಳಿಯುವಾಗ ಕಿವಿ ಬಿಡದಿದ್ದರೆ ಡೈವನ್ನೇ ಬಿಡಬಹುದು. ಏರುವಾಗ ಬಿಡದಿದ್ದರೆ ಆಳದಲ್ಲಿಯೇ ಉಳಿಯುವಂತಿಲ್ಲ, ಸಿಲಿಂಡರಿನ ಗಾಳಿಗೆ ಮಿತಿಯಿದೆ. ಹೆಂಡತಿ ಮಾತ್ರೆ ನುಂಗಲಿಲ್ಲ. ದ್ವೀಪದ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿದಾಗ ವೈದ್ಯರು ತಮಟೆ ಕೆಂಪಾಗಿದೆ, ಹರಿದಿಲ್ಲ ಎಂದು ಹೇಳಿ, ಪೂರ್ಣ ಗುಣವಾಗುವವರೆಗೆ ಆಳಕ್ಕೆ ಇಳಿಯಬಾರದೆಂದೂ, ಮರಳುವ ವಿಮಾನ ಕೆಳಗಿಳಿಯುವ ಹೊತ್ತಿನಲ್ಲಿ ಎಚ್ಚರವಿದ್ದು ಉಗುಳು ನುಂಗುತ್ತಿರಬೇಕೆಂದೂ ತಿಳಿಸಿದರು.

ಗಂಡ ಮುಂದುವರಿದದ್ದು ಸರಿಯೇ?

ಊರಿಗೆ ಬಂದ ಮೇಲೆ ಮನೆಯ ಹಿರಿಯರು ಎತ್ತಿದ ಪ್ರಶ್ನೆ ಇದು. ಹೆಂಡತಿಗೆ ಕಿವಿನೋವಾಗಿರುವಾಗ ಗಂಡ ಬೇರೊಬ್ಬ ವಿದ್ಯಾರ್ಥಿಯ ಜತೆಗಾರನಾಗಿ ನಾಲ್ಕು ಡೈವ್ ಮುಗಿಸಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಗಂಡ ಮಾಡಿದ್ದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವರು ತಮ್ಮ ತರಬೇತಿಯನ್ನೂ ಕೈಬಿಟ್ಟಿದ್ದರೆ, ಆಕೆಯ ‘ಬೇಡ’ಕ್ಕೆ ಇಬ್ಬರ ರಜೆಯ ಭಾರ ಬೀಳುತ್ತಿತ್ತು. ಹಾಗೊಮ್ಮೆ ಬಿದ್ದ ಮೇಲೆ, ಮುಂದಿನ ಸಲ ಕಿವಿ ಚುಚ್ಚಿದಾಗ ಆಕೆ ಎರಡು ಮೀಟರಿನಲ್ಲಿ ಮಾತ್ರವಲ್ಲ, ಐದು ಮೀಟರಿನಲ್ಲಿಯೂ ‘ಸರಿ’ ಎನ್ನುತ್ತಿದ್ದರು. ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲಬೇಕಾಗಿಲ್ಲ ಎಂಬುದು ಮೊದಲೇ ಗೊತ್ತಿದ್ದಾಗ ಮಾತ್ರ ನಿಲ್ಲುವವರು ಬೇಗ ನಿಲ್ಲುತ್ತಾರೆ. ಅದೂ ಅಲ್ಲದೆ, ಕಿವಿ ನೊಂದ ದಿನದ ಸಂಜೆ ಗಂಡ ಹೆಂಡತಿಯ ಜತೆಗೇ ಇದ್ದರು, ಆಸ್ಪತ್ರೆಗೆ ಅವರೇ ಕರೆದೊಯ್ದರು. ಮರುದಿನ ನೀರಿಗಿಳಿದದ್ದು ವೈದ್ಯರ ಮಾತು ಕೇಳಿದ ಮೇಲೆ.

ಹಣದ ಮಾತೂ ಬಂತು. ನಡುವೆ ನಿಂತರೆ ಶುಲ್ಕ ಮರಳಿಸುವುದಿಲ್ಲವೆಂಬುದನ್ನು ಅವರು ಸೇರುವಾಗಲೇ ಓದಿ ಸಹಿ ಹಾಕಿದ್ದರು, ಆದ್ದರಿಂದ ಅದನ್ನು ವಿವಾದ ಮಾಡಲಿಲ್ಲ. ಅದರ ಬದಲು ಕೇಂದ್ರದವರು ಇನ್ನೊಂದು ದಾರಿ ತೋರಿಸಿದರು. ಪಾಠ ಮತ್ತು ಶಾಂತ ನೀರಿನ ಅಭ್ಯಾಸ ಮುಗಿಸಿದವರಿಗೆ ರೆಫರಲ್ ಎಂಬ ಪತ್ರ ಕೊಡುತ್ತಾರೆ. ಅದನ್ನು ಹಿಡಿದು 12 ತಿಂಗಳೊಳಗೆ ಬೇರೆ ಯಾವುದೇ ಊರಿನ ಕೇಂದ್ರದಲ್ಲಿ ಉಳಿದ 4 ಸಮುದ್ರ ಡೈವ್‌ಗಳನ್ನು ಪೂರೈಸಬಹುದು. ಹೆಂಡತಿ ಉಳಿದ ದಿನಗಳಲ್ಲಿ ಪಾಠ ಮುಗಿಸಿ ಪರೀಕ್ಷೆ ಬರೆದು ಆ ಪತ್ರವನ್ನು ಪಡೆದರು. ಈ ಸೌಲಭ್ಯವಿರುವುದು ನಮ್ಮ ಕಡೆಯ ಹೆಚ್ಚಿನವರಿಗೆ ತಿಳಿಯದು. ತಿಳಿದಿದ್ದರೆ ಎಷ್ಟೋ ಮಂದಿ ಕೊಟ್ಟ ಹಣದ ಚಿಂತೆಯಿಂದ ನೋವಿನ ಕಿವಿಯೊಂದಿಗೆ ಇಳಿಯುವುದಿಲ್ಲ.

ಕೊನೆಯ ದಿನ ಇನ್ನೊಂದು ಪರೀಕ್ಷೆ ಎದುರಾಯಿತು. ಗಂಡನಿಗೆ ಮಧ್ಯಾಹ್ನದ ದೋಣಿಯಲ್ಲಿ ಒಂದು ಜಾಗ ಖಾಲಿಯಿದೆ, ಮೂರು ಗಂಟೆಗೆಲ್ಲ ಮೇಲೆ ಬರಬಹುದು, ಸಂಜೆಯ ಹಡಗಿಗೆ ತೊಂದರೆಯಿಲ್ಲ ಎಂಬ ಸೂಚನೆ ಬಂತು. ಮರುದಿನ ಬೆಳಗ್ಗೆ ಎಂಟಕ್ಕೆ ವಿಮಾನ. ಲೆಕ್ಕ ಹಾಕಿದರೆ 17 ಗಂಟೆ. ಆಳದಲ್ಲಿ ಉಸಿರಾಡುವಾಗ ದೇಹದಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಕಡಿಮೆ ಒತ್ತಡದ ಜಾಗಕ್ಕೆ ಏರಿದರೆ ಅದು ಗುಳ್ಳೆಯಾಗಿ ಕೀಲುಗಳನ್ನೋ ನರಗಳನ್ನೋ ಬಾಧಿಸಬಹುದು. ವಿಮಾನದೊಳಗಿನ ಒತ್ತಡವು ಸುಮಾರು 2,400 ಮೀಟರ್ ಎತ್ತರಕ್ಕೆ ಸಮನಾಗುವಷ್ಟು ಕಡಿಮೆಯಾಗಬಹುದು. ಮುಳ್ಳಯ್ಯನಗಿರಿಯ ತುದಿಯೂ ಅದಕ್ಕಿಂತ ತಗ್ಗು. ಹಲವು ದಿನ ಮತ್ತೆ ಮತ್ತೆ ಇಳಿದವರು ವಿಮಾನಕ್ಕೆ ಮೊದಲು ಕನಿಷ್ಠ 18 ಗಂಟೆ ಕಾಯಬೇಕೆಂಬುದು ಡೈವರ್‌ಗಳ ಸುರಕ್ಷತೆಗಾಗಿ ಕೆಲಸ ಮಾಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ. ಗಂಡ ಆ ಜಾಗವನ್ನು ಬೇಡವೆಂದರು. ಒಂದು ಗಂಟೆಯ ಕೊರತೆಗೆ ಇಷ್ಟು ಹಟವೇ ಎಂದು ಕೆಲವರಿಗೆ ಅನಿಸೀತು. 18 ಎಂಬುದು ಕನಿಷ್ಠ ಮಿತಿ. ಅದರೊಳಗೆ ಚೌಕಾಶಿ ಮಾಡುವ ವಿಷಯ ಇಲ್ಲ.

ಆ ಬಳಿಕ

ಊರಿಗೆ ಮರಳಿ ಕೆಲವು ವಾರಗಳ ನಂತರ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿದಾಗ ತಮಟೆ ಗುಣವಾಗಿತ್ತು. ಧೂಳಿನ ಅಲರ್ಜಿಯಿಂದ ಮೂಗಿನ ಒಳಪೊರೆ ಊದಿಕೊಳ್ಳುವುದು ಖಚಿತವಾಯಿತು. ಚಿಕಿತ್ಸೆ ಶುರುವಾಗಿದೆ, ಅಡಿಕೆ ಸುಲಿಯುವ ಕೆಲಸ ಅಂಗಳದಿಂದ ತೋಟದ ಬದಿಯ ಕೊಟ್ಟಿಗೆಗೆ ಹೋಗಿದೆ. ಮೂಗು ಪೂರ್ತಿ ಬಿಟ್ಟಿರುವ ಸಮಯದಲ್ಲಿ, ನೆಲದ ಮೇಲೆ ಎರಡೂ ಕಿವಿ ಸುಲಭವಾಗಿ ಬಿಟ್ಟರೆ, ಡೈವಿಂಗ್‌ಗೆ ಅಡ್ಡಿಯಿಲ್ಲವೆಂದು ತಜ್ಞರು ಬರೆದುಕೊಟ್ಟಿದ್ದಾರೆ.

ರೆಫರಲ್ ಪತ್ರದ ಅವಧಿಯೊಳಗೆ ಉಳಿದ ಡೈವ್‌ಗಳನ್ನು ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಬಳಿ ಮುಗಿಸುವುದೆಂದು ಹೆಂಡತಿ ನಿಶ್ಚಯಿಸಿದ್ದಾರೆ. ಕಾಸರಗೋಡಿನಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್, ಪೂರ್ತಿ ಕರಾವಳಿಯ ಹೆದ್ದಾರಿ. ಡೈವ್ ಮುಗಿಸಿ ಅದೇ ಸಂಜೆ ಘಾಟಿ ಹತ್ತುವ ಬೆಂಗಳೂರಿನವರಿಗೂ ಮಡಿಕೇರಿಯವರಿಗೂ ಎತ್ತರದ ಚಿಂತೆ ಇರಬೇಕು. ಕಡಲ ಮಟ್ಟದಲ್ಲಿಯೇ ಮನೆ ಸೇರುವ ನಮ್ಮವರಿಗೆ ಆ ಅನುಕೂಲ ಸಹಜವಾಗಿಯೇ ಒದಗಿದೆ. ಮಳೆಗಾಲ ಕಳೆದು ಕಡಲು ತೆರೆದ ಮೇಲೆ, ಅಂಗಳದಲ್ಲಿ ಅಡಿಕೆ ಹರಡುವ ಮೊದಲು, ಅಕ್ಟೋಬರ್ ಕೊನೆಯಲ್ಲಿ ಸಿಗುವ ಒಂದು ಶನಿವಾರ-ಆದಿತ್ಯವಾರವನ್ನು ಆರಿಸಿಕೊಂಡಿದ್ದಾರೆ. ಅಲ್ಲಿನ ಕೇಂದ್ರಕ್ಕೆ ಕರೆ ಮಾಡಿ ಅವರು ಕೇಳಿದ ಮೊದಲ ಎರಡು ಪ್ರಶ್ನೆಗಳೆಂದರೆ, ಇಳಿಯಲು ಹಿಡಿಯುವ ಹಗ್ಗ ಇದೆಯೇ, ಮತ್ತು ಒಬ್ಬ ತರಬೇತುದಾರರ ಜತೆ ಎಷ್ಟು ಮಂದಿ ವಿದ್ಯಾರ್ಥಿಗಳಿರುತ್ತಾರೆ.